ಸಹಾಯ ಬೇಕು: ಮ್ಯಾಕ್‌ಬೆತ್ ಕೆಟ್ಟಿದ್ದು ಯಾರಿಂದ?

ಎಲ್ಲರಿಗೂ ನಮಸ್ಕಾರ. ನಮ್ಮ ಹವ್ಯಾಸಿ ತಂಡ ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್‌ನ ಕೆಲವು ದೃಶ್ಯಗಳನ್ನು ಕನ್ನಡದಲ್ಲಿ ಆಡುತ್ತಿದೆ. ರಿಹರ್ಸಲ್‌ನಲ್ಲಿ ದಿನಾ ಒಂದೇ ಜಗಳ: ಸೇನಾಪತಿ ಮ್ಯಾಕ್‌ಬೆತ್ ತನ್ನ ರಾಜ ಡಂಕನ್‌ನನ್ನು ಕೊಂದಿದ್ದು ಯಾಕೆ? ಮಾಟಗಾತಿಯರು ತಲೆ ಕೆಡಿಸಿದರಾ, ಹೆಂಡತಿ ಚುಚ್ಚಿ ಚುಚ್ಚಿ ಮಾಡಿಸಿದಳಾ, ಇಲ್ಲ ಅವನೊಳಗೇ ಆಸೆ ಕೂತಿತ್ತಾ?

ನನ್ನ ಪ್ರಕಾರ ಮೂರನೆಯದೇ ಜಾಸ್ತಿ. ಮಾಟಗಾತಿಯರು ರಾಜನಾಗ್ತೀಯ ಅಂದರೇ ಹೊರತು ಡಂಕನ್‌ನನ್ನು ಕೊಲ್ಲು ಅನ್ನಲಿಲ್ಲ. ಅವನ ಜೊತೆಗಾರ ಸೇನಾನಿ ಬ್ಯಾಂಕೋ ಕೂಡ ಪಕ್ಕದಲ್ಲೇ ನಿಂತು ತನ್ನ ಭವಿಷ್ಯ ಕೇಳಿದ, ಕತ್ತಿ ಹಿಡಿಯಲಿಲ್ಲ ಅಲ್ವಾ? ಹೆಂಡತಿಯ ಪಾಲು ದೊಡ್ಡದು, ನಿಜ. ಒಂದನೇ ಅಂಕದ ಏಳನೇ ದೃಶ್ಯದಲ್ಲಿ ಇದನ್ನು ಇಲ್ಲಿಗೇ ಬಿಡೋಣ ಎಂದವನನ್ನು ಅವಳು ನೀನೂ ಒಬ್ಬ ಗಂಡಸಾ ಅಂತ ಹಂಗಿಸಿ ಒಪ್ಪಿಸುತ್ತಾಳೆ. ಆದರೆ ಮೂರನೇ ಅಂಕದಲ್ಲಿ ಬ್ಯಾಂಕೋನನ್ನು ಕೊಲ್ಲಿಸುವಾಗ ಅವಳಿಗೂ ಬಿಡಿಸಿ ಹೇಳುವುದಿಲ್ಲ. ಆಮೇಲೆ ತನಗೆ ಎದುರು ನಿಂತ ಸರದಾರ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನೂ ಕೊಲ್ಲಿಸುತ್ತಾನೆ. ಅದನ್ನಂತೂ ಯಾರೂ ಹೇಳಿಕೊಡಲಿಲ್ಲ.

ಈಗ ಕಷ್ಟ ಏನೆಂದರೆ, ಆ ಏಳನೇ ದೃಶ್ಯದಲ್ಲಿ ಹೆಂಡತಿ ಲೇಡಿ ಮ್ಯಾಕ್‌ಬೆತ್ ಪಾತ್ರದವರು ಕಿರುಚಿದರೆ ಅವಳು ಸುಮ್ನೆ ಖಳನಾಯಕಿ ಆಗಿಬಿಡುತ್ತಾಳೆ. ಮೆಲ್ಲಗೆ ಹೇಳಿದರೆ ಹಿಂದಿನ ಸಾಲಿಗೆ ಕೇಳಿಸುವುದಿಲ್ಲ, ನಮ್ಮಲ್ಲಿ ಮೈಕ್ ಬೇರೆ ಇಲ್ಲ. ಗಂಡ ಒಪ್ಪುವ ಕ್ಷಣವನ್ನು ಹೇಗೆ ಕಟ್ಟುವುದು? ಅವನು ಸೋತವನಂತೆ ಕಾಣಬೇಕಾ, ನೆಪ ಸಿಕ್ಕವನಂತೆ ಕಾಣಬೇಕಾ? ಮಾಟಗಾತಿಯರನ್ನು ಬರೀ ಧ್ವನಿಯಲ್ಲಿ ತಂದರೆ ನಡೆಯುತ್ತದಾ?

ಎಚ್.ಎಸ್. ಶಿವಪ್ರಕಾಶರ ಮಾರನಾಯಕ ಇದೇ ನಾಟಕದ ರೂಪಾಂತರ. ಅದರಲ್ಲಿ ಪಾರ್ಟು ಮಾಡಿದವರು ಅಥವಾ ಪ್ರಯೋಗ ನೋಡಿದವರು ಇಲ್ಲಿದ್ದರೆ ದಯವಿಟ್ಟು ನಾಲ್ಕು ಮಾತು ಬರೆಯಿರಿ. ಜಗಳಕ್ಕೂ ಸಿದ್ಧ!