ಸಹಾಯ ಬೇಕು: ಮಾವನಿಗೆ ಈ ಕಾದಂಬರಿ ಕೊಡಬಹುದಾ?

ಕಲಬುರಗಿಯಿಂದ ನಮಸ್ಕಾರ. ಅತ್ತೆ ತೀರಿಕೊಂಡ ಮೇಲೆ ನಮ್ಮ ಸೋದರಮಾವ ಶರಣಬಸವೇಶ್ವರ ಕೆರೆ ಕಡೆ ವಾಕಿಂಗ್ ಹೋಗುವುದನ್ನೂ ಬಿಟ್ಟಿದ್ದಾರೆ, ಗೇಟಿನ ಮುಂದೆ ಯಾರಾದರೂ ಬೈಕ್ ನಿಲ್ಲಿಸಿದರೆ ಬೈಯಲು ಮಾತ್ರ ಹೊರಗೆ ಬರುತ್ತಾರೆ. ಓದುವ ಚಟ ಹಾಗೇ ಇದೆ, ಇಂಗ್ಲಿಷೂ ಓದುತ್ತಾರೆ. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲಿ ಕೇಳಿದರೆ ಬರೀ ಅಧ್ಯಾತ್ಮದ ಪುಸ್ತಕ ಕೊಡ್ತಾರೆ, ಅದನ್ನು ಇವರು ಮುಟ್ಟಲ್ಲ.

ಸ್ವೀಡನ್ನಿನ ಫ್ರೆಡ್ರಿಕ್ ಬ್ಯಾಕ್‌ಮನ್ 2012ರಲ್ಲಿ ಬರೆದ 'ಎ ಮ್ಯಾನ್ ಕಾಲ್ಡ್ ಓವೆ' ಥೇಟ್ ಇವರದೇ ಕತೆ. 59ರ ಸಿಡುಕ, ಹೆಂಡತಿ ಸೋನ್ಯಾ ಇಲ್ಲ, ನೆರೆಗೆ ಬಂದ ಪರ್ವಾನೆಯ ಸಂಸಾರ ಮತ್ತು ಒಂದು ಬೆಕ್ಕು ಅವನನ್ನು ಸುಮ್ನೆ ಬಿಡಲ್ಲ. ಆದರೆ ಓವೆ ಪದೇ ಪದೇ ಸಾಯಲು ಹೊರಡುತ್ತಾನೆ, ನಗಿಸುತ್ತಲೇ ಬರೆದಿದ್ದರೂ ನನಗೆ ಭಯ.

ಇಂಥ ದುಃಖದಲ್ಲಿರುವವರಿಗೆ ಇದನ್ನು ಕೊಟ್ಟವರು ಇದ್ದೀರಾ? ಕೊಡಲಾ, ಬೇಡವಾ? ಬೇಡವೆಂದರೆ ಕನ್ನಡದಲ್ಲಿ ಇದೇ ಥರದ್ದು ಯಾವುದಿದೆ?