ಹಳೆಯ ಕಾರಿನ ಇಂಧನ ಮಾಪಕ: ದೋಷ ಮುಳ್ಳಿನಲ್ಲೋ, ಟ್ಯಾಂಕಿನಲ್ಲೋ?

ಪ್ರಶ್ನೆ (ರಾಜಾಜಿನಗರ):
ನನ್ನ ಬಳಿ 1996ರ ಪೆಟ್ರೋಲ್ ಕಾರಿದೆ. ಮೊನ್ನೆ 15 ಲೀಟರ್ ತುಂಬಿಸಿದರೂ ಇಂಧನ ಮಾಪಕದ ಮುಳ್ಳು ಖಾಲಿ ಗುರುತಿನಿಂದ ಮೇಲೇಳಲಿಲ್ಲ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಮಾತ್ರ ಒಮ್ಮೆ ಅರ್ಧದವರೆಗೆ ಹೋಗಿ ಮತ್ತೆ ಕುಸಿಯಿತು. ಗ್ಯಾರೇಜಿನವರು ಇಡೀ ಮೀಟರ್ ಬದಲಿಸಬೇಕೆನ್ನುತ್ತಾರೆ. ಅದಕ್ಕೆ ಮೊದಲು ಏನನ್ನು ಪರೀಕ್ಷಿಸಬೇಕು?

ಉತ್ತರ 1:
ದಯವಿಟ್ಟು ಈಗಲೇ ಮೀಟರ್ ಬದಲಿಸಬೇಡಿ. ಟ್ಯಾಂಕಿನ ಇಂಧನ ಮಟ್ಟವನ್ನು ಮಾಪಕಕ್ಕೆ ತಿಳಿಸುವ ಸೆಂಡರ್‌ನಿಂದ ಮಾಪಕದ ತಂತಿಯನ್ನು ಕಳಚಿ, ಇಗ್ನಿಷನ್ ಆನ್ ಮಾಡಿ, ಆ ತಂತಿಯನ್ನು ಟ್ಯಾಂಕಿನಿಂದ ದೂರದಲ್ಲಿ 3 ವ್ಯಾಟ್ ಬಲ್ಬಿನ ಮೂಲಕ ಕಾರಿನ ಲೋಹದ ಮೈಗೆ ತಾಗಿಸಿರಿ. ಮುಳ್ಳು ನಿಧಾನವಾಗಿ ಏರಿದರೆ ಮಾಪಕವೂ ತಂತಿಯೂ ಸರಿಯಾಗಿವೆ, ದೋಷವಿರುವುದು ಸೆಂಡರ್‌ನಲ್ಲಿ ಅಥವಾ ಅದನ್ನು ಕಾರಿನ ಮೈಗೆ ಜೋಡಿಸುವ ಅರ್ಥಿಂಗ್‌ನಲ್ಲಿ. ಕೆಲವು ಕಾರುಗಳಲ್ಲಿ ಮುಳ್ಳು ಇದಕ್ಕೆ ವಿರುದ್ಧವಾಗಿ ಚಲಿಸುತ್ತದೆ, ಆದ್ದರಿಂದ ಮ್ಯಾನ್ಯುಯಲ್ ನೋಡಿಕೊಳ್ಳಿ. ತಾಪಮಾನದ ಮುಳ್ಳೂ ಕೆಟ್ಟಿದ್ದರೆ ಮಾತ್ರ ಮೀಟರಿನ ವೋಲ್ಟೇಜ್ ನಿಯಂತ್ರಕವನ್ನು ಅನುಮಾನಿಸಿ.

ಉತ್ತರ 2:
ಸೆಂಡರ್ ಹೊರತೆಗೆಯುವ ಮುನ್ನ ಬ್ಯಾಟರಿಯ ನೆಗೆಟಿವ್ ಕಳಚಿ, ಬಯಲಿನಲ್ಲೇ ಕೆಲಸ ಮಾಡಿ. ಪೆಟ್ರೋಲ್ ಆವಿಯ ವಿಷಯದಲ್ಲಿ ಉದಾಸೀನ ಸಲ್ಲದು. ಮಲ್ಟಿಮೀಟರ್ ಜೋಡಿಸಿ ಇಂಧನದ ಮೇಲೆ ತೇಲುವ ಫ್ಲೋಟಿನ ತೋಳನ್ನು ಮೆಲ್ಲಗೆ ಎತ್ತಿದಾಗ ಓಮ್‌ಗಳು (ಅಂದರೆ ವಿದ್ಯುತ್ ಪ್ರತಿರೋಧ) ಸರಾಗವಾಗಿ ಬದಲಾಗಬೇಕು. ನಡುವೆ ಸಂಪರ್ಕ ತಪ್ಪಿದರೆ ಒಳಗಿನ ಪ್ರತಿರೋಧದ ಪಥ ಸವೆದಿದೆ ಎಂದರ್ಥ. ಹೊಸ ಸೆಂಡರ್‌ಗೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ, ಹಳೆಯದನ್ನು ಜೊತೆಗೇ ಒಯ್ಯಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಬಲ್ಬಿನ ಪರೀಕ್ಷೆಯಲ್ಲಿ ಮುಳ್ಳು ಏರಿತು. ಅರ್ಥಿಂಗ್ ಬೋಲ್ಟಿನ ಕೆಳಗೆ ತಾಮ್ರದ ಹಸಿರು ಕಿಲುಬು ದಪ್ಪವಾಗಿ ಕಟ್ಟಿತ್ತು. ಉಜ್ಜುಕಾಗದದಿಂದ ಉಜ್ಜಿ ಬಿಗಿಗೊಳಿಸಿದ ಬಳಿಕ ಮುಳ್ಳು ಅರ್ಧದ ಸಮೀಪ ಸ್ಥಿರವಾಗಿ ನಿಂತಿದೆ.