10 ತಿಂಗಳು ನೆಲ ಮುಟ್ಟದ ಸ್ವಿಫ್ಟ್ ಹಕ್ಕಿ: ಇದು ಗೊತ್ತಾಗಿದ್ದು ಹೇಗೆ, ನಿದ್ದೆಯ ಕತೆ ಏನು?

ಮುಗಿಲಂಚು:
ಕಾಮನ್ ಸ್ವಿಫ್ಟ್ ವರ್ಷದಲ್ಲಿ 10 ತಿಂಗಳು ಎಲ್ಲೂ ಕೂರದೆ ಹಾರುತ್ತಲೇ ಇರುತ್ತದೆ ಅಂತ ತುಂಬಾ ಕಡೆ ಓದಿದ್ದೇನೆ. ಓದಿದಾಗಲೆಲ್ಲ ಒಂದೇ ಪ್ರಶ್ನೆ ಕಾಡುತ್ತದೆ. ಇದನ್ನು ನೋಡಿದವರು ಯಾರು? ಯುರೋಪಿನಲ್ಲಿ ಮರಿ ಮಾಡಿ, ಸಹಾರಾ ದಾಟಿ ಆಫ್ರಿಕಾಕ್ಕೆ ಹೋಗಿ ಬರುವ ಹಕ್ಕಿಯ ಹಿಂದೆ ಹಗಲೂ ರಾತ್ರಿ ಯಾರೂ ಓಡೋಕಾಗಲ್ಲ. ದಾರಿಯಲ್ಲಿ ಯಾವುದೋ ಬಂಡೆಗೆ ಒಂದು ಗಂಟೆ ಅಂಟಿಕೊಂಡು ಕೂತಿದ್ದರೆ ಯಾರಿಗೆ ಗೊತ್ತಾಗುತ್ತದೆ? ಇನ್ನು ನಿದ್ದೆ. ಊಟ, ನೀರು ಎಲ್ಲ ಗಾಳಿಯಲ್ಲೇ ಅಂದರೆ ಒಪ್ಪಬಹುದು, ನಿದ್ದೆ ಹೇಗೆ? ಸುಮ್ನೆ 'ಪ್ರಕೃತಿಯ ವಿಸ್ಮಯ' ಅಂತ ಹೇಳಿ ಮುಗಿಸಬೇಡಿ. ಹೇಗೆ ಕಂಡುಹಿಡಿದರು ಅನ್ನುವುದು ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಗರಿಲೆಕ್ಕ:
ಒಳ್ಳೆಯ ಪ್ರಶ್ನೆ. 2016ರವರೆಗೆ ಇದು ಬಹುಮಟ್ಟಿಗೆ ಊಹೆಯೇ ಆಗಿತ್ತು. ಆಫ್ರಿಕಾದಲ್ಲಿ ಇವು ಒಟ್ಟಾಗಿ ತಂಗುವ ಜಾಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಹಾಗಾಗಿ ಅಲ್ಲಿ ಹಾರುತ್ತಲೇ ಇರಬೇಕು ಅಂತ ಎಷ್ಟೋ ದಶಕಗಳಿಂದ ಹೇಳುತ್ತಿದ್ದರು. ಅಳೆದು ತೋರಿಸಿದ್ದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಆಂಡರ್ಸ್ ಹೆಡೆನ್‌ಸ್ಟ್ರೋಮ್ ತಂಡ.

ಅವರು ಮಾಡಿದ್ದು ಇಷ್ಟು. ಹಕ್ಕಿಯ ತೂಕ ಸುಮಾರು 40 ಗ್ರಾಂ. ಅದರ ಬೆನ್ನಿಗೆ ಒಂದು ಗ್ರಾಮಿನ ಆಸುಪಾಸಿನ ಪುಟ್ಟ ಲಾಗರ್, ಅಂದರೆ ಮಾಹಿತಿ ದಾಖಲಿಸಿಟ್ಟುಕೊಳ್ಳುವ ಉಪಕರಣ, ಕಟ್ಟಿದರು. ಅದರೊಳಗೆ ಎರಡು ಮುಖ್ಯ ಭಾಗ. ಒಂದು ಅಕ್ಸೆಲೆರೋಮೀಟರ್, ಅಂದರೆ ಮೈ ಅಲುಗಾಡುವುದನ್ನು ಅಳೆಯುವಂಥದ್ದು. ರೆಕ್ಕೆ ಬಡಿಯುವಾಗ ಒಂದು ಥರ, ತೇಲುವಾಗ ಇನ್ನೊಂದು ಥರ, ಗೋಡೆಗೆ ಅಂಟಿ ಕೂತಾಗ ಬೇರೆಯೇ ಥರ ದಾಖಲಾಗುತ್ತದೆ. ನೀವು ಕೇಳಿದ ಒಂದು ಗಂಟೆಯ ಬಂಡೆ ಇಲ್ಲೇ ಸಿಕ್ಕಿಬೀಳುತ್ತದೆ. ಇನ್ನೊಂದು ಬೆಳಕು ಅಳೆಯುವ ಭಾಗ. ಸೂರ್ಯ ಹುಟ್ಟಿದ್ದು, ಮುಳುಗಿದ್ದು ಎಷ್ಟು ಹೊತ್ತಿಗೆ ಅಂತ ಗೊತ್ತಾದರೆ ಹಗಲಿನ ಉದ್ದದಿಂದ ಅಕ್ಷಾಂಶ, ನಡುಹಗಲಿನ ಸಮಯದಿಂದ ರೇಖಾಂಶ ಸಿಗುತ್ತದೆ. ಹಕ್ಕಿ ಯಾವ ದಿನ ಸುಮಾರು ಎಲ್ಲಿತ್ತು ಅನ್ನುವ ನಕ್ಷೆ ತಯಾರಾಗುತ್ತದೆ.

ನನಗೆ ತುಂಬಾ ಹಿಡಿಸಿದ ವಿಷಯ ಮುಂದಿನದು. ಈ ಲಾಗರ್ ಸಿಗ್ನಲ್ ಕಳಿಸುವುದಿಲ್ಲ, ಹಾಗೆ ಕಳಿಸಲು ಬೇಕಾದ ಬ್ಯಾಟರಿ ಈ ಹಕ್ಕಿಗೆ ಭಾರ. ಎಲ್ಲವೂ ಅದರೊಳಗೇ ಉಳಿಯುತ್ತದೆ. ಆ ಹಕ್ಕಿ ಆಫ್ರಿಕಾಕ್ಕೆ ಹೋಗಿ, ಮುಂದಿನ ಬೇಸಿಗೆಯಲ್ಲಿ ಅದೇ ಗೂಡಿಗೆ ವಾಪಸ್ ಬಂದು, ಮತ್ತೆ ಕೈಗೆ ಸಿಕ್ಕರೆ ಮಾತ್ರ ಮಾಹಿತಿ. ಸ್ವಿಫ್ಟ್‌ಗಳು ವರ್ಷ ವರ್ಷವೂ ಗೂಡಿರುವ ಅದೇ ಗೋಡೆ ಸಂದಿಗೆ ಬರುವ ಹಕ್ಕಿಗಳಾದ್ದರಿಂದ ಇದು ಸಾಧ್ಯವಾಯಿತು. ಹೀಗೆ 13 ಹಕ್ಕಿಗಳ ದಾಖಲೆ ಸಿಕ್ಕಿತು. ಗೂಡಿನ ಕಾಲ ಬಿಟ್ಟು ಉಳಿದ 10 ತಿಂಗಳಲ್ಲಿ ಅವು ಶೇಕಡಾ 99ಕ್ಕಿಂತ ಹೆಚ್ಚು ಹೊತ್ತು ಗಾಳಿಯಲ್ಲೇ ಇದ್ದವು. ಕೆಲವು ಹಕ್ಕಿಗಳು ಅಪರೂಪಕ್ಕೆ ಒಂದೊಂದು ರಾತ್ರಿ ಎಲ್ಲೋ ಕೂತಿದ್ದವು. ಕೆಲವು ಒಂದು ಸಲವೂ ಇಳಿದಿರಲಿಲ್ಲ. ಆದ್ದರಿಂದ 'ಎಲ್ಲ ಸ್ವಿಫ್ಟ್‌ಗಳೂ 10 ತಿಂಗಳು ಇಳಿಯುವುದೇ ಇಲ್ಲ' ಅಂತ ಬರೆದರೆ ಸರಿಯಲ್ಲ, ಆದರೆ ಇಳಿಯದೇ ಇರುವ ಹಕ್ಕಿಗಳು ನಿಜವಾಗಿಯೂ ಇವೆ.

ಇನ್ನೂ ಒಂದು. ಇಳಿಯದೇ ಹಾರಿದ ಹಕ್ಕಿಗಳು ಆ ಚಳಿಗಾಲದಲ್ಲಿ ರೆಕ್ಕೆಯ ಗರಿ ಬದಲಿಸಿಕೊಂಡಿದ್ದವು, ಕೂತಿದ್ದವು ಬದಲಿಸಿರಲಿಲ್ಲ. ಹಳೇ ಗರಿಯಲ್ಲೇ ಹಾರುವುದು ಸ್ವಲ್ಪ ಕಷ್ಟವಾಗಿ ಆಗಾಗ ಕೂತಿರಬಹುದು, ಅಥವಾ ಆ ಹಕ್ಕಿಗಳ ಆರೋಗ್ಯವೇ ಅಷ್ಟಕ್ಕಷ್ಟೆ ಇದ್ದಿರಬಹುದು.

ಇರುಳುಗಣ್ಣು:
ನಿದ್ದೆಯ ಬಗ್ಗೆ ನಾನು ಹೇಳುತ್ತೇನೆ, ಇಲ್ಲಿ ಜನ ಎರಡು ಹಕ್ಕಿಗಳ ಕತೆ ಬೆರೆಸಿಬಿಡುತ್ತಾರೆ. ಹಾರುತ್ತಾ ನಿದ್ದೆ ಮಾಡುವುದನ್ನು ಮೆದುಳಿನ ಅಲೆ ಅಳೆದು ತೋರಿಸಿದ್ದು ಫ್ರಿಗೇಟ್ ಅನ್ನುವ ಕಡಲ ಹಕ್ಕಿಯಲ್ಲಿ. ಅದೂ 2016ರಲ್ಲೇ. ನೀಲ್ಸ್ ರಾಟೆನ್‌ಬೋರ್ಗ್ ತಂಡ ಗಲಾಪಗೋಸ್ ದ್ವೀಪಗಳಲ್ಲಿ ಆ ಹಕ್ಕಿಗಳ ತಲೆಗೆ ಸಣ್ಣ ಉಪಕರಣ ಇಟ್ಟು ನೋಡಿತು. ಸಮುದ್ರದ ಮೇಲೆ ಹಾರುವಾಗ ದಿನಕ್ಕೆ ಸರಾಸರಿ 42 ನಿಮಿಷ ನಿದ್ದೆ, ಅದೂ ಸೆಕೆಂಡುಗಳ ಲೆಕ್ಕದ ತುಣುಕುಗಳಲ್ಲಿ. ಹೆಚ್ಚಾಗಿ ಮೆದುಳಿನ ಅರ್ಧ ಭಾಗ ಮಾತ್ರ ಮಲಗುತ್ತದೆ, ಕೆಲವೊಮ್ಮೆ ಎರಡೂ. ನೆಲಕ್ಕೆ ಬಂದ ಮೇಲೆ ಅದೇ ಹಕ್ಕಿ ದಿನಕ್ಕೆ 12 ಗಂಟೆಗಿಂತ ಜಾಸ್ತಿ ಮಲಗುತ್ತದೆ.

ಫ್ರಿಗೇಟ್ ದೊಡ್ಡ ಹಕ್ಕಿ, ಹೊರೆ ಹೊರುತ್ತದೆ. 40 ಗ್ರಾಮಿನ ಸ್ವಿಫ್ಟ್ ತಲೆ ಮೇಲೆ ಅಂಥದ್ದನ್ನು ಇಡುವುದು ಸುಲಭವಲ್ಲ. ಹಾಗಾಗಿ ಸ್ವಿಫ್ಟ್ ಗಾಳಿಯಲ್ಲಿ ಮಲಗುತ್ತದೆ ಅನ್ನುವುದು ತರ್ಕದಿಂದ ಬಂದ ತೀರ್ಮಾನ. ತಿಂಗಳುಗಟ್ಟಲೆ ಇಳಿಯದ ಜೀವಿ ಎಲ್ಲೋ ಮಲಗಲೇಬೇಕು, ಅಲ್ವಾ? ತರ್ಕ ಗಟ್ಟಿಯಾಗಿಯೇ ಇದೆ.

'ಸಂಜೆ ಮಲಗಲು ಮೇಲೇರುತ್ತವೆ' ಅನ್ನುವ ಹಳೇ ಮಾತಿದೆ. ಮೇಲೇರುವುದು ನಿಜ. ಸುಮಾರು 2.5 ಕಿಲೋಮೀಟರ್ ಎತ್ತರಕ್ಕೆ ಹೋಗುತ್ತವೆ. ಆದರೆ ನೆದರ್ಲೆಂಡ್ಸ್‌ನಲ್ಲಿ ಅಡ್ರಿಯಾನ್ ಡಾಕ್ಟರ್ ಮತ್ತು ಜೊತೆಗಾರರು ರೇಡಾರ್‌ನಲ್ಲಿ ನೋಡಿದಾಗ ಸಂಜೆ ಮಾತ್ರವಲ್ಲ, ಬೆಳಗಿನ ಜಾವವೂ ಅದೇ ಏರಿಕೆ ಕಂಡಿತು, ಮತ್ತು ತುದಿ ತಲುಪಿದ ಮೇಲೆ ಹಕ್ಕಿಗಳು ಅಲ್ಲೇ ಉಳಿಯದೆ ಕೆಳಗೆ ಇಳಿಯುತ್ತಿದ್ದವು. ಬೆಳಗ್ಗೆ ಎದ್ದು ಮಲಗಲು ಮೇಲೇರುವುದಿಲ್ಲವಲ್ಲ. ಅಷ್ಟು ಎತ್ತರದಿಂದ ದೂರದ ಹವಾಮಾನ ಕಾಣುತ್ತದೆ, ನೆಲದ ಗುರುತುಗಳು ಕಾಣುತ್ತವೆ, ಆ ಹೊತ್ತಿನ ಬೆಳಕಿನಿಂದ ದಿಕ್ಕೂ ಸಿಗುತ್ತದೆ. ಅದಕ್ಕಾಗಿಯೇ ಏರುತ್ತವೆ ಅನ್ನುವ ವಿವರಣೆ ನನಗೆ ಹೆಚ್ಚು ಸರಿ ಅನಿಸುತ್ತದೆ.

ಮುಗಿಲಂಚು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್, ಇಂಥ ಉತ್ತರವೇ ಬೇಕಿತ್ತು. ಈಗ ಇನ್ನೊಂದು. ಗೂಡು ಬಿಟ್ಟ ಮರಿ? ಅದಕ್ಕೆ ಹಾರಾಟ ಕಲಿಸುವವರು ಯಾರು? ಬೇರೆ ಹಕ್ಕಿಗಳ ಮರಿ ಕೊಂಬೆಯಿಂದ ಕೊಂಬೆಗೆ ಹಾರಿ ಅಭ್ಯಾಸ ಮಾಡುತ್ತವೆ. ಇದಕ್ಕೆ ಕೊಂಬೆಯೇ ಇಲ್ಲ.

ಗೂಡುಸಂದಿ:
ಯಾರೂ ಕಲಿಸುವುದಿಲ್ಲ. ಮರಿ ಒಂದು ದಿನ ಸಂದಿಯಿಂದ ಹೊರಗೆ ಬೀಳುತ್ತದೆ, ಹಾರುತ್ತದೆ, ಸಾಮಾನ್ಯವಾಗಿ ಮತ್ತೆ ಗೂಡಿಗೆ ಬರುವುದೇ ಇಲ್ಲ. ಅಪ್ಪ ಅಮ್ಮ ಜೊತೆಗೂ ಇರುವುದಿಲ್ಲ. ಹೆಚ್ಚಾಗಿ ಅಲ್ಲಿಂದಲೇ ದಕ್ಷಿಣಕ್ಕೆ ಹೊರಟುಬಿಡುತ್ತದೆ.

ತಯಾರಿಯೆಲ್ಲ ಗೂಡಿನೊಳಗೇ. ಮರಿಗಳು ರೆಕ್ಕೆಯ ತುದಿಗಳನ್ನು ನೆಲಕ್ಕೊತ್ತಿ ದಂಡ ಹೊಡೆಯುವಂತೆ ಮೈ ಎತ್ತುತ್ತವೆ. ಒಂದು ಹಂತದಲ್ಲಿ ಮರಿ ದೊಡ್ಡ ಹಕ್ಕಿಗಿಂತಲೂ ತೂಕವಿರುತ್ತದೆ, ಕೊನೆಯ ದಿನಗಳಲ್ಲಿ ಇಳಿಯುತ್ತದೆ. ಎಷ್ಟು ಇಳಿಯಬೇಕು ಅನ್ನುವುದು ರೆಕ್ಕೆಯ ಉದ್ದಕ್ಕೆ ಹೊಂದಿಕೊಂಡಿರುತ್ತದೆ. ಪರೀಕ್ಷೆಗೆ ಅಂತ ಮರಿಗಳ ಮೈಗೆ ಚಿಕ್ಕ ತೂಕ ಅಂಟಿಸಿ ನೋಡಿದಾಗ ಆ ಮರಿಗಳು ಇನ್ನಷ್ಟು ಸಣ್ಣಗಾಗಿ ಲೆಕ್ಕ ಸರಿಮಾಡಿಕೊಂಡವು! ಆ ದಂಡ ಹೊಡೆಯುವುದು ತಮ್ಮ ತೂಕವನ್ನು ತಾವೇ ಅಳೆದುಕೊಳ್ಳುವ ರೀತಿ ಇರಬಹುದು ಅಂತ ಸಂಶೋಧಕರು ಹೇಳುತ್ತಾರೆ. ನನಗಂತೂ ಹತ್ತು ತಿಂಗಳ ಹಾರಾಟಕ್ಕಿಂತ ಇದೇ ಹೆಚ್ಚು ಬೆರಗು.

ಊಟದ್ದೂ ಹೇಳಿಬಿಡುತ್ತೇನೆ. ಹಾರುವ ಸಣ್ಣ ಹುಳು, ಗಾಳಿಯಲ್ಲಿ ನೂಲು ಬಿಟ್ಟು ತೇಲುವ ಜೇಡ, ಇವನ್ನು ದೊಡ್ಡವು ಗಂಟಲಲ್ಲಿ ಉಂಡೆ ಕಟ್ಟಿಕೊಂಡು ತರುತ್ತವೆ. ಒಂದು ಉಂಡೆಯಲ್ಲಿ ನೂರಾರು ಹುಳು. ಮಳೆ ಹಿಡಿದುಕೊಂಡರೆ ಹುಳು ಏಳುವುದಿಲ್ಲ, ಆಗ ದೊಡ್ಡವು ಮಳೆಮೋಡವನ್ನು ಸುತ್ತುಹಾಕಿ ಎಷ್ಟೋ ದೂರ ಹೋಗುತ್ತವೆ. ಅಷ್ಟು ದಿನ ಮರಿ ಉಪವಾಸ. ಅದು ಮೈಬಿಸಿ ತಗ್ಗಿಸಿಕೊಂಡು ಮರಗಟ್ಟಿದಂತೆ ಬಿದ್ದಿರುತ್ತದೆ, ಕೆಲವು ದಿನ ಹಾಗೇ ತಡೆಯುತ್ತದೆ. ಗುಬ್ಬಿ ಮರಿಯ ಕೈಲಿ ಇದು ಆಗುವುದಿಲ್ಲ.

ಗೂಡಿನ ಸಾಮಾನೂ ಗಾಳಿಯಿಂದಲೇ. ತೇಲುವ ಗರಿ, ಒಣ ಹುಲ್ಲೆಳೆ ಹಿಡಿದು ತಂದು ಜೊಲ್ಲಿನಿಂದ ಅಂಟಿಸುತ್ತವೆ.

ಸೂರುಹಕ್ಕಿ:
ಆಕಾಶದ ಮಾತು ಆಯಿತು, ಆ ಸಂದಿಯ ಬಗ್ಗೆಯೂ ಯಾರಾದರೂ ಮಾತಾಡಬೇಕು. ಬ್ರಿಟನ್ನಿನಲ್ಲಿ 1995ರಿಂದ ಈಚೆಗೆ ಈ ಹಕ್ಕಿಗಳ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿದಿದೆ. 2021ರಲ್ಲಿ ಅಲ್ಲಿನ ಕೆಂಪು ಪಟ್ಟಿಗೂ, ಅಂದರೆ ಅತಿ ಹೆಚ್ಚು ಕಾಳಜಿ ಬೇಕಾದ ಹಕ್ಕಿಗಳ ಪಟ್ಟಿಗೂ, ಸೇರಿತು. ಹುಳುಗಳು ಕಡಿಮೆಯಾಗಿರುವುದು ಒಂದು ಕಾರಣ ಅಂತಾರೆ. ಕಣ್ಣಿಗೆ ಕಾಣುವ ಕಾರಣ ಹಳೇ ಕಟ್ಟಡಗಳ ರಿಪೇರಿ. ಸೂರಿನ ಕೆಳಗಿನ ಬಿರುಕು ಮುಚ್ಚಿದರೆ ಮುಂದಿನ ಬೇಸಿಗೆಯಲ್ಲಿ ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ಆ ಗೋಡೆಗೆ ಮತ್ತೆ ಮತ್ತೆ ಬಂದು ಬಡಿಯುತ್ತದೆ. ಇದನ್ನು ಯೋಚಿಸಿದರೇ ಸಂಕಟವಾಗುತ್ತದೆ. ತಡೆಯುವುದು ಕಷ್ಟವೂ ಅಲ್ಲ. ಒಳಗೆ ಟೊಳ್ಳಿರುವ, ಮುಂದೆ ಒಂದು ತೂತಿರುವ ಇಟ್ಟಿಗೆಗಳು ಬಂದಿವೆ, ಕಟ್ಟುವಾಗಲೇ ಗೋಡೆಯಲ್ಲಿ ಸೇರಿಸಬಹುದು. ರಿಪೇರಿ ಮಾಡಿಸುವವರು ಮರಿಯ ಕಾಲ ಮುಗಿಯುವವರೆಗೆ ಕಾದರೆ, ಹಳೇ ತೂತನ್ನು ಹಾಗೇ ಬಿಟ್ಟರೆ ಅಷ್ಟೇ ಸಾಕು.

ಮುಗಿಲಂಚು:
ಕೊನೆಯದಾಗಿ ಒಂದು. ನೆಲಕ್ಕೆ ಬಿದ್ದ ಸ್ವಿಫ್ಟ್ ಸಿಕ್ಕರೆ ಮೇಲಕ್ಕೆ ಎಸೆಯಬೇಕು, ತಾನಾಗಿ ಏಳಲು ಅದಕ್ಕೆ ಆಗುವುದಿಲ್ಲ ಅಂತಾರಲ್ಲ?

ಗೂಡುಸಂದಿ:
ದಯವಿಟ್ಟು ಎಸೆಯಬೇಡಿ. ಕಾಲು ತುಂಬಾ ಗಿಡ್ಡ, ಗೋಡೆ ಹಿಡಿಯಲು ಮಾಡಿದ ಕಾಲು, ಹಾಗಾಗಿ ನೆಲದಿಂದ ಏಳುವುದು ಕಷ್ಟ. ಆದರೂ ಆರೋಗ್ಯವಾಗಿರುವ ದೊಡ್ಡ ಹಕ್ಕಿ ಸಾಮಾನ್ಯವಾಗಿ ಏಳಬಲ್ಲದು. ಏಳದೆ ಬಿದ್ದಿದೆ ಅಂದರೆ ಪೆಟ್ಟಾಗಿದೆ, ಸೊರಗಿದೆ, ಇಲ್ಲವೇ ಅವಧಿಗೆ ಮುಂಚೆ ಬಿದ್ದ ಮರಿ. ಎಸೆದರೆ ಇನ್ನೊಂದು ಪೆಟ್ಟು ಬೀಳುತ್ತದೆ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಮೆತ್ತಗೆ ಬಟ್ಟೆ ಹಾಸಿ, ಕತ್ತಲಾಗಿ ಸದ್ದಿಲ್ಲದ ಕಡೆ ಇಡಿ. ಬಾಯಿಗೆ ನೀರು ಬಿಡಬೇಡಿ, ಬ್ರೆಡ್ಡು ಹಾಲು ಬೇಡವೇ ಬೇಡ. ಕಾಡುಹಕ್ಕಿಗಳ ಆರೈಕೆ ಗೊತ್ತಿರುವವರಿಗೆ ಆದಷ್ಟು ಬೇಗ ತಲುಪಿಸಿ.